ಏರು ಹತ್ತುವ ಗಾಡಿಗೆ ದಾರಿ

ಅಪ್ಪನಿಗೆ ಲಕ್ವಾ ಹೊಡೆದದ್ದು ಮಳೆಗಾಲ ಮುಗಿದು ಜೋಯಿಡಾ ಕಡೆಯ ಕಾಡುರಸ್ತೆಗಳು ಲಾರಿಗಳಿಗೆ ಮತ್ತೆ ತೆರೆದುಕೊಂಡ ದಿನಗಳಲ್ಲಿ. ಆ ರಸ್ತೆಗಳಲ್ಲಿ ನಾಟಾ ಹೇರಿಕೊಂಡು, ಅಂದರೆ ಕಡಿದ ಮರದ ದಿಮ್ಮಿಗಳನ್ನು ಹೇರಿಕೊಂಡು, ದಾಂಡೇಲಿಯ ಡಿಪೋಕ್ಕೆ ಇಳಿಯುವುದು ಅವನು ಹರೆಯದಿಂದಲೂ ಮಾಡಿಕೊಂಡು ಬಂದ ಕೆಲಸ. ಅವತ್ತು ಸ್ಟಿಯರಿಂಗ್ ಮುಂದೆ ಕೂತಿರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ. ಹಿತ್ತಲಲ್ಲಿ ಮುಖ ತೊಳೆಯುವಾಗ ತಂಬಿಗೆ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಎಡಗೈ ಹೇಳಿದ ಮಾತು ಕೇಳಲಿಲ್ಲ.

ಧಾರವಾಡದ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ನಾಲಿಗೆಯ ತೊದಲು ಹೋಗಿತ್ತು. ಕೋಲು ಹಿಡಿದು ಓಣಿಯ ತುದಿಯವರೆಗೆ ಹೋಗಿಬರುತ್ತಿದ್ದ. ಎಡಗೈ ಮಾತ್ರ ಬೇರೆ ಯಾರದೋ ಸಾಮಾನು ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಬೇಕು ಎಂದಿದ್ದರು. ಅಪ್ಪ ಕೆಲವು ದಿನ ಹಿಚುಕಿ ಅದನ್ನು ಓಣಿಯ ಮಕ್ಕಳಿಗೆ ಆಡಲು ಕೊಟ್ಟುಬಿಟ್ಟ.

“ಚೆಂಡು ಹಿಚುಕಿ ಎಲ್ಲಿಗಿ ಹೋಗೂದೈತಿ?” ಎಂದ. ಅವ್ವ ಬೈದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಆಗ ನಾನು ದಾಂಡೇಲಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಅಣ್ಣ ಹಳಿಯಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಬಿಡಿಭಾಗಗಳನ್ನು ತಂದು ಜೋಡಿಸಿಕೊಟ್ಟವರು ಬಜಾರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಭಾಯಿ. ಟಿವಿ, ಟೇಪ್ ರೆಕಾರ್ಡರ್, ಆಮೇಲೆ ಕಂಪ್ಯೂಟರ್, ಯಾವುದು ಬಂದರೂ ಬಿಚ್ಚುತ್ತಿದ್ದರು. ಅವರ ತಂದೆ ಪೇಪರ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಅಪ್ಪನ ಹಳೆಯ ಗೆಳೆಯ. ಹಾಗಾಗಿ ಭಾಯಿಗೆ ನಮ್ಮಪ್ಪ ಕಾಕಾ, ನಾನು ತಂಗಿ. ಅಣ್ಣನನ್ನು ಮಾತ್ರ ಮಾಸ್ತರ್ ಎಂದೇ ಕರೆಯುತ್ತಿದ್ದರು.

ಆ ಕಂಪ್ಯೂಟರನ್ನು ನಡೆಸಲು ಅದರಲ್ಲಿ ಇದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಒಂದೇ. ಅದು ಅಣ್ಣನ ಹಟ, ಮತ್ತು ಆ ಹಟಕ್ಕೆ ಕಾರಣವಿತ್ತು. ಹಿಂದೆ ಅವನು ದುಡ್ಡು ಕೊಟ್ಟು ಕೊಂಡ ಒಂದು ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ತನ್ನ ಪಾಠಗಳನ್ನೆಲ್ಲ ಬರೆದಿಟ್ಟಿದ್ದ. ಆ ತಂತ್ರಾಂಶ ನಡೆಯಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಬೆರಳುದ್ದದ ಒಂದು ಲಾಕ್ ಸಿಕ್ಕಿಸಿರಬೇಕಿತ್ತು. ಒಂದು ಗುಡುಗಿನ ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಆ ಲಾಕ್ ಸುಟ್ಟುಹೋಯಿತು. ಹೊಸದು ಕೇಳೋಣವೆಂದರೆ ಮಾರಿದವರು ಅಂಗಡಿ ಮುಚ್ಚಿಕೊಂಡು ಹೋಗಿದ್ದರು. ಫೈಲುಗಳು ಹಾಗೇ ಇದ್ದವು. ತೆರೆದರೆ ಕನ್ನಡದ ಬದಲು ಯಾವ ಭಾಷೆಯೂ ಅಲ್ಲದ ಗೀಟುಗಳ ಸಾಲು. ವರ್ಷಗಟ್ಟಲೆ ಬರೆದದ್ದು ಕಣ್ಣೆದುರಿಗಿದ್ದೂ ಓದಲು ಬರಲಿಲ್ಲ. ಆಮೇಲೆ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಅವನಿಗೆ ಲಿನಕ್ಸ್ ಪರಿಚಯವಾಯಿತು. ಬರೆದವರು ಬರೆದದ್ದನ್ನೆಲ್ಲ ಲೋಕದ ಮುಂದೆ ಬಿಚ್ಚಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂದು ತಿಳಿದ ಮೇಲೆ ಅಣ್ಣ ಬೇರೆ ಏನನ್ನೂ ಮನೆಯೊಳಗೆ ಬಿಡಲಿಲ್ಲ.

ಹೀಗಿರುವಾಗ ಒಂದು ಸಂಜೆ ಭಾಯಿ ಗೋಣಿಚೀಲದಲ್ಲಿ ಏನನ್ನೋ ಹೊತ್ತು ತಂದರು. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕದ್ದು, ಕಂಪ್ಯೂಟರಿಗೆ ಹಚ್ಚುವ ಸ್ಟಿಯರಿಂಗ್ ಚಕ್ರ. ಕೆಳಗೆ ಕಾಲಿಗೆ ಬ್ರೇಕು, ಎಕ್ಸಲೇಟರು.

“ಕಾಕಾ, ಚೆಂಡು ಬ್ಯಾಡಂದ್ರೆಲಾ, ಇದನ್ನ ಹಿಡೀರಿ” ಎಂದರು.

ಅಪ್ಪ ಬಲಗೈಯಿಂದ ಚಕ್ರ ತಿರುಗಿಸಿ ನೋಡಿದ. “ಆಟಿಗಿ ಸಾಮಾನು” ಎಂದ. ಆದರೆ ಕೈ ತೆಗೆಯಲಿಲ್ಲ.

ಲಿನಕ್ಸಿನಲ್ಲಿ ಕಾರು ಓಡಿಸುವ ಒಂದು ಆಟವಿತ್ತು. ದೇಶದೇಶದ ಹವ್ಯಾಸಿಗಳು ಸೇರಿ ಬರೆದದ್ದು. ಭಾಯಿ ಚಕ್ರವನ್ನು ಟೇಬಲ್ಲಿಗೆ ಬಿಗಿದರು. ಅಪ್ಪನ ಎಡಗೈ ಚಕ್ರದ ಮೇಲಿಟ್ಟು, ಅವ್ವನ ಹಳೆಯ ಸೀರೆಯ ಅಂಚಿನಿಂದ ಹಗುರಾಗಿ ಕಟ್ಟಿದರು. ಅಪ್ಪ ಎಕ್ಸಲೇಟರ್ ಒತ್ತಿದ. ಕಾರು ಹೊರಟಿತು, ಆದರೆ ಓಡಲಿಲ್ಲ. ಒಂದು ಚಿತ್ರ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೊಂದು ಚಿತ್ರ ಬರುತ್ತಿತ್ತು. ತಿರುವು ಕಾಣಿಸುವುದರೊಳಗೆ ಕಾರು ಗೋಡೆಗೆ ಹೋಗಿ ಬಡಿದಿರುತ್ತಿತ್ತು.

“ಇದ್ಯಾಕ ಜಿಗದ ಜಿಗದ ಹೊಂಟೈತಿ?”

“ಇದಕ್ಕ ಡ್ರೈವರ್ ಬೇಕ್ರಿ ಕಾಕಾ” ಎಂದರು ಭಾಯಿ.

“ಮತ್ತ ನಾ ಯಾರು?”

ನಾವೆಲ್ಲ ನಕ್ಕೆವು. ಆ ಕಾಯಿಲೆಯ ನಂತರ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಆದರೆ ಜಗಳ ಶುರುವಾದದ್ದೂ ಆ ಮಾತಿನಿಂದಲೇ.

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಒಂದು ಕಾರ್ಡ್ ಇರುತ್ತದೆ. ಸಿಸ್ಟಮ್ಮಿಗೂ ಆ ಕಾರ್ಡಿಗೂ ನಡುವೆ ಮಾತು ಮುಟ್ಟಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ನಮ್ಮ ಕಾರ್ಡಿಗೆ ಅದನ್ನು ಮಾಡಿದ ಕಂಪನಿಯೇ ಲಿನಕ್ಸಿಗೂ ಡ್ರೈವರ್ ಕೊಡುತ್ತಿತ್ತು, ಪುಕ್ಕಟೆ. ಆದರೆ ಒಳಗೇನಿದೆ ಎಂದು ತೋರಿಸುತ್ತಿರಲಿಲ್ಲ. ಹವ್ಯಾಸಿಗಳು ಬರೆದ ತೆರೆದ ಡ್ರೈವರಿಗೆ ಇಂಥ ಆಟ ಎಳೆಯುವ ಶಕ್ತಿ ಇರಲಿಲ್ಲ.

ಅಣ್ಣ ಹಳಿಯಾಳದಿಂದ ಬಂದು ಚೀಲ ಇಳಿಸುವ ಮೊದಲೇ ಭಾಯಿ ವಿಷಯ ಹೇಳಿದರು. ಅಣ್ಣ ಶಾಂತವಾಗಿಯೇ ಬೇಡ ಎಂದ.

“ಮುಚ್ಚಿದ ಡಬ್ಬಿ ಒಳಗ ಏನೈತಿ ಗೊತ್ತಿಲ್ದ ಹೆಂಗ ಹಾಕೂದ್ರಿ? ನಾಳೆ ಅವರು ಬಿಟ್ಟಹೋದ್ರ ಮತ್ತ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ. ಒಮ್ಮೆ ಸುಟ್ಟಕೊಂಡೇನಿ ನಾ.”

“ಮಾಸ್ತರ್, ನೀವು ಹೇಳೂದು ಖರೇನ ಐತಿ. ಆದರ ಕಾಕಾನ ಕೈ ಇವತ್ತು ಕೆಲಸ ಮಾಡಬೇಕಾಗೈತಿ. ನಾಳಿದು ನಾಳೆ ನೋಡೂಣು.”

ಇಬ್ಬರೂ ತಪ್ಪು ಹೇಳುತ್ತಿರಲಿಲ್ಲ. ನಾನು ಚಹಾ ಸೋಸುತ್ತ ಇಬ್ಬರ ಮಾತಿಗೂ ಒಳಗೊಳಗೇ ತಲೆಯಾಡಿಸುತ್ತಿದ್ದೆ. ಅಪ್ಪನ ಎಡಗೈ ಇನ್ನೂ ಚಕ್ರಕ್ಕೆ ಕಟ್ಟಿಕೊಂಡೇ ಇತ್ತು. ಅಣ್ಣನ ಕಣ್ಣು ಕೊನೆಗೆ ಆ ಕೈಯ ಮೇಲೆ ಹೋಯಿತು.

“ಹಾಕ್ರಿ. ನಾ ಇಲ್ಲದಾಗ ಹಾಕ್ರಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ಹೋದ.

ಡ್ರೈವರ್ ಬಂದ ಮೇಲೆ ಕಾರು ನೀರಿನಂತೆ ಹರಿಯಿತು. ಅಪ್ಪ ಬೆಳಿಗ್ಗೆ ಚಹಾ ಕುಡಿದು ಕೂರುತ್ತಿದ್ದ, ಮಿಲ್ಲಿನ ಭೋಂಗಾ ಕೂಗಿದಾಗ ಊಟಕ್ಕೆ ಏಳುತ್ತಿದ್ದ. ಮೊದಮೊದಲು ಬಲಗೈ ತಿರುಗಿಸಿದತ್ತ ಎಡಗೈ ಸುಮ್ಮನೆ ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ಕಟ್ಟು ಬಿಚ್ಚಲು ಹೋದ ಅವ್ವ, ಬೆರಳುಗಳು ಚಕ್ರವನ್ನು ತಾವಾಗಿ ಹಿಡಿದುಕೊಂಡಿದ್ದನ್ನು ನೋಡಿದಳು. ಅಡಿಗೆಮನೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ಹಿಡದಾನ” ಎಂದಷ್ಟೇ ಹೇಳಿದಳು.

ಇದು ಹೀಗೇ ನಡೆದಿತ್ತು. ಅಣ್ಣ ಒಂದು ಭಾನುವಾರ ಎಂದಿನಂತೆ ಹೊಸ ಸಿ.ಡಿ. ತಂದು ಲಿನಕ್ಸನ್ನು ಮುಂದಿನ ಆವೃತ್ತಿಗೆ ಏರಿಸಿದ. ಮತ್ತೆ ಶುರುಮಾಡಿದಾಗ ಪರದೆ ಕಪ್ಪಾಗಿ ನಿಂತಿತು. ಸಿಸ್ಟಮ್ ಬದಲಾಗಿತ್ತು, ಕಂಪನಿಯ ಮುಚ್ಚಿದ ಡ್ರೈವರ್ ಅದಕ್ಕೆ ಒಗ್ಗಲಿಲ್ಲ. ಒಗ್ಗಿಸೋಣವೆಂದರೆ ಒಳಗೆ ಕೈಹಾಕಲು ಬರುವಂತಿರಲಿಲ್ಲ. ಹೊಸ ಡ್ರೈವರನ್ನು ಕಂಪನಿ ಯಾವಾಗ ಕೊಡುತ್ತದೋ ಆಗಲೇ.

ಭಾಯಿ ಬಂದರು, ನೋಡಿದರು, ಅವರ ಮುಖ ಬಿಗಿಯಿತು.

“ಮಾಸ್ತರ್, ಹಿಂಗ ಆಗ್ತೈತಿ ಅಂತ ನಿಮಗ ಗೊತ್ತಿತ್ತೇನು?”

“ಗೊತ್ತಿರಲಿಲ್ಲ. ಆದರ ನಾ ಹೇಳಿದ್ದು ಇದನ್ನ.”

ಎರಡನೆಯ ಮಾತನ್ನು ಅಣ್ಣ ಆಡಬಾರದಿತ್ತು. ಭಾಯಿ ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡು, ಅಪ್ಪನಿಗೆ “ಬರ್ತೇನ್ರಿ ಕಾಕಾ” ಎಂದು ಹೇಳಿ ಹೋದರು. ಮತ್ತೆ ಬರಲಿಲ್ಲ. ಬಜಾರಿನಲ್ಲಿ ಎದುರಾದರೆ ನನ್ನೊಡನೆ ಮಾತಾಡುತ್ತಿದ್ದರು, ಅಪ್ಪನ ಕೈ ಹೇಗಿದೆ ಎಂದು ಕೇಳುತ್ತಿದ್ದರು. ಅಣ್ಣನ ಸುದ್ದಿ ಎತ್ತುತ್ತಿರಲಿಲ್ಲ.

ಅಪ್ಪ ಕಪ್ಪು ಪರದೆಯ ಮುಂದೆ ಚಕ್ರ ಹಿಡಿದು ಕೂರುತ್ತಿದ್ದ. ಬೆರಳು ಮತ್ತೆ ಸಡಿಲವಾಗಬಾರದೆಂದು ಅವ್ವನೇ ಕೂರಿಸುತ್ತಿದ್ದಳು. ಅದನ್ನು ನೋಡಲಾರದೆ ಅಣ್ಣ ಸೈಬರ್ ಕೆಫೆಗೆ ಹೋಗಿ ಲಿನಕ್ಸಿಗರ ಮೇಲಿಂಗ್ ಲಿಸ್ಟಿಗೆ ಬರೆದ. ಅದೊಂದು ಹರಟೆಕಟ್ಟೆ, ಒಬ್ಬರು ಬರೆದ ಇ-ಮೇಲ್ ಸೇರಿದವರಿಗೆಲ್ಲ ಹೋಗುತ್ತದೆ. ನನ್ನ ತಂದೆಗೆ ಹೀಗಾಗಿದೆ, ಆಟ ಬೇಕಾಗಿದೆ, ಮುಚ್ಚಿದ ಡ್ರೈವರ್ ಬಳಸುವುದು ನನಗೆ ಇಷ್ಟವಿಲ್ಲ, ಏನು ಮಾಡಲಿ ಎಂದು ಕೇಳಿದ.

ಉತ್ತರಗಳು ಸುರಿದವು. ಅವನ್ನು ಫ್ಲಾಪಿಯಲ್ಲಿ ತಂದು ನನ್ನ ಕ್ಲಾಸಿನ ಕಂಪ್ಯೂಟರಿನಲ್ಲಿ ಓದುತ್ತಿದ್ದೆವು. ಒಬ್ಬ, ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕು, ಆಟವನ್ನೇ ಬಿಡಿ ಎಂದ. ಅವನಿಗೆ ಇನ್ನೊಬ್ಬ, ರೋಗಿಯ ಮೇಲೆ ತತ್ವ ಹೇರುವವನು ಎಂಥವನು ಎಂದು ಬೈದ. ಮೂರನೆಯವನು, ಇಂಥ ಕರುಣೆಯ ಕಥೆಗಳಿಂದಲೇ ಕಂಪನಿಗಳು ನಮ್ಮೊಳಗೆ ನುಗ್ಗುತ್ತವೆ ಎಂದ. ವಿಂಡೋಸ್ ಹಾಕಿಕೊಂಡು ಸುಮ್ಮನಿರಿ ಎಂದವನ ಮೇಲೆ ಎಲ್ಲರೂ ಒಟ್ಟಾಗಿ ಬಿದ್ದರು. ಆಮೇಲೆ ಅಪ್ಪನ ವಿಷಯ ಹಿಂದೆ ಬಿದ್ದು, ಯಾರು ಯಾವಾಗ ಯಾರಿಗೆ ಏನಂದಿದ್ದರು ಎಂಬ ಹಳೆಯ ಜಗಳಗಳು ಮೇಲೆ ಬಂದವು.

ಅಣ್ಣ ಓದಿ ಓದಿ ಸುಸ್ತಾದ. “ಇವರೆಲ್ಲಾ ನನ್ನ ಮಾತ ಆಡಾಕತ್ತಾರ. ಆದರ ಕೇಳಾಕ ಚೊಲೊ ಅನಸವಲ್ದು” ಎಂದ.

ಆ ಗದ್ದಲದ ನಡುವೆ ಒಬ್ಬರು ಎರಡೇ ಸಾಲು ಬರೆದಿದ್ದರು. ಸ್ವಲ್ಪ ಹಳೆಯ ಮಾದರಿಯ ಇಂಥ ಒಂದು ಕಾರ್ಡಿಗೆ ತೆರೆದ ಡ್ರೈವರ್ ಚೆನ್ನಾಗಿದೆ, ನಿಮ್ಮ ಆಟ ಅದರಲ್ಲಿ ಸರಾಗ ಓಡುತ್ತದೆ, ಸಿಕ್ಕರೆ ನೋಡಿ ಎಂದು.

ಅಣ್ಣ ಕಾರ್ಡಿನ ಹೆಸರನ್ನು ಬಾಯಿಪಾಠ ಮಾಡಿಕೊಂಡು ಮರುದಿನ ಸಂಜೆ ಭಾಯಿಯ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ಭಾಯಿ ಒಂದು ಟಿವಿಯೊಳಗೆ ತಲೆ ಹಾಕಿದ್ದರು. ಅಣ್ಣ ಹಿಂದಿನದೇನೂ ಎತ್ತದೆ, “ಇಂಥಾ ಕಾರ್ಡ್ ಎಲ್ಲಾದರ ಸಿಗಬಹುದೇನ್ರಿ?” ಎಂದು ಕೇಳಿದ. ಭಾಯಿ ತಲೆ ಹೊರಗೆ ತೆಗೆಯದೆ ಯೋಚಿಸಿದರು.

“ಮುಂಡಗೋಡದಾಗ, ಟಿಬೆಟನ್ ಕ್ಯಾಂಪಿನ್ಯಾಗ ಒಬ್ಬಂವಾ ಕಂಪ್ಯೂಟರ್ ಸೆಂಟರ್ ನಡಸ್ತಾನ. ಅವನ ಕಡೆ ಇದ್ದಂಗ ನೆನಪು. ಫೋನ್ ಹಚ್ಚಿದ್ರ ಇಲ್ಲ ಅಂತಾನ, ಹುಡಕೂ ತ್ರಾಸು ಬ್ಯಾಡ ಅಂತ. ಖುದ್ದ ಹೋಗೂಣು.”

ರಜೆಯ ದಿನ ಇಬ್ಬರೂ ಹೊರಟರು. ಯಲ್ಲಾಪುರದಲ್ಲಿ ಬಸ್ ಬದಲಿಸಿ ಮುಂಡಗೋಡ ಮುಟ್ಟಿದರು. ಕಾರ್ಡ್ ಸಿಕ್ಕಿತು, ತಿರುಗಿ ಬರುವ ಬಸ್ ತಪ್ಪಿತು. ಅಪ್ಪನ ಹುಟ್ಟೂರು ಮಳಗಿ ಅಲ್ಲಿಂದ ಹತ್ತಿರ. ಸೋದರತ್ತೆಯ ಮನೆಗೆ ಹೋಗಿ ಉಳಿದರು. ರೊಟ್ಟಿ ತಿನ್ನುತ್ತಲೂ ಇಬ್ಬರ ವಾದ ನಿಂತಿರಲಿಲ್ಲವಂತೆ. ಮುಚ್ಚಿದ್ದು, ತೆರೆದದ್ದು, ಹಕ್ಕು, ಬಿಟ್ಟುಕೊಡುವುದು ಎಂಬ ಮಾತು ಕೇಳಿ ಕೇಳಿ ಅತ್ತೆ, “ಯಾವ ಹೊಲದ ತಕರಾರೋ ಇದು? ಸರ್ವೇದವರನ್ನರ ಕರಸ್ರಿ” ಎಂದಳಂತೆ. ಅಲ್ಲಿಂದ ಮರಳಿದಾಗ ಇಬ್ಬರೂ ಒಂದೇ ಪೊಟ್ಟಣದ ಶೇಂಗಾ ತಿನ್ನುತ್ತ ಓಣಿಯಲ್ಲಿ ನಡೆದು ಬಂದರು.

ಹೊಸ ಕಾರ್ಡಿನಲ್ಲಿ ಕಾರು ಓಡಿತು. ಮೊದಲಿನಷ್ಟು ಚಂದವಿರಲಿಲ್ಲ, ಮರಗಳ ನೆರಳು ಮಾಯವಾಗಿತ್ತು. ಅಪ್ಪನಿಗೆ ನೆರಳು ಬೇಕಿರಲಿಲ್ಲ. ಆದರೆ ಕೆಲವು ದಿನಗಳಲ್ಲಿ ಅವನಿಗೆ ಬೇರೆಯೇ ಬೇಸರ ಹತ್ತಿತು.

“ಈ ರಸ್ತೆ ಗಾಣದ ಎತ್ತಿನಂಗ ಸುತ್ತಸ್ತೈತಿ. ಊರಿಲ್ಲ, ಕೇರಿಲ್ಲ. ನಮ್ಮ ಜೋಯಿಡಾ ರಸ್ತೆ ಹಾಕಾಕ ಬರೂದಿಲ್ಲೇನು?”

ಅಣ್ಣನ ಕಣ್ಣು ಮಿನುಗಿತು. ತೆರೆದ ತಂತ್ರಾಂಶದ ಹಿರಿಮೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆ ಆಟದಲ್ಲಿ ಯಾರು ಬೇಕಾದರೂ ಹೊಸ ರಸ್ತೆ ಕಟ್ಟಬಹುದಿತ್ತು. ಅಪ್ಪ ಕಣ್ಣು ಮುಚ್ಚಿ ಹೇಳುತ್ತ ಹೋದ: ಇಲ್ಲಿ ಎಡಕ್ಕೆ ತಿರುವು, ಇಲ್ಲಿ ಏರು, ಇಲ್ಲಿ ಬಿದಿರುಮೆಳೆ ರಸ್ತೆಗೆ ಬಾಗಿದೆ, ಇಲ್ಲಿ ಒಂದು ಗಾಡಿಗಷ್ಟೇ ಜಾಗ. ಅಣ್ಣ ಇಂಚು ಇಂಚಾಗಿ ರಸ್ತೆ ಎಳೆದ. ಲಾರಿಯ ಹಾರ್ನನ್ನು ಭಾಯಿ ಡಿಪೋಕ್ಕೆ ಹೋಗಿ ಟೇಪಿನಲ್ಲಿ ಹಿಡಿದು ತಂದರು. ಮುಗಿದ ಮೇಲೆ ಅಪ್ಪ ಅದರಲ್ಲಿ ಹೋಗಿ, ಅರ್ಧದಲ್ಲಿ ನಿಂತುಬಿಟ್ಟ.

“ಯಾಕ ನಿಂತಿ?” ಎಂದೆ.

“ಎದರಗಡೆ ಗಾಡಿನ ಬರವಲ್ದು. ಯಾರಿಗಿ ದಾರಿ ಬಿಡ್ಲಿ?”

ಅಣ್ಣ ರಸ್ತೆಯನ್ನು ಆಟದ ಮೇಲಿಂಗ್ ಲಿಸ್ಟಿಗೆ ಕಳಿಸಿ, ಎದುರು ಬರುವ ಗಾಡಿಗಳನ್ನೂ ಸೇರಿಸಬಹುದೇ ಎಂದು ಕೇಳಿದ. ಅಲ್ಲೂ ಚರ್ಚೆ ಎದ್ದಿತು. ಇಷ್ಟು ಕಿರಿದಾದ ರಸ್ತೆಯಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುವುದು ಹೇಗೆ, ಪಂದ್ಯವೇ ನಡೆಯದಿದ್ದರೆ ಇದು ಆಟ ಹೇಗಾದೀತು ಎಂದು ಕೇಳಿದರು. ಅಣ್ಣ ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ ಉತ್ತರ ಹೇಳಿ ಬರೆಸಿದ.

“ಘಟ್ಟದಾಗ ಯಾರೂ ಗೆಲ್ಲಾಕ ಹೋಗೂದಿಲ್ಲ ಅಂತ ಬರಿ. ಏರು ಹತ್ತೂ ಗಾಡಿಗಿ ಇಳಿಯಾಂವ ದಾರಿ ಬಿಡಬೇಕು. ಯಾಕಂದ್ರ ಹೇರಿದ ಗಾಡಿ ಏರಿನ್ಯಾಗ ನಿಂತರ ಮತ್ತ ಏಳೂದಿಲ್ಲ. ಇಬ್ಬರೂ ಮನಿ ಮುಟ್ಟಬೇಕು, ಅದ ಆಟ.”

ಅಣ್ಣ ಹಾಗೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದ. ಕೆಲವರಿಗೆ ಹಿಡಿಸಿತು. ಆಟದ ಹಿರಿಯ ಬರಹಗಾರರೊಬ್ಬರು ಸೌಜನ್ಯದಿಂದಲೇ ಉತ್ತರಿಸಿದರು: ಇದು ಪಂದ್ಯದ ಆಟ, ಮುಖ್ಯ ಆಟಕ್ಕೆ ಇದು ಹೊಂದುವುದಿಲ್ಲ, ಪ್ರೋಗ್ರಾಮಿನ ಮೂಲ ನಿಮ್ಮ ಕೈಯಲ್ಲೇ ಇದೆ, ಬೇಕಾದರೆ ನೀವೇ ಬರೆದುಕೊಳ್ಳಬಹುದು.

ಅಣ್ಣನಿಗೆ ಆ ಕೊನೆಯ ಸಾಲು ನಾಟಿತು. ಎಷ್ಟೋ ವರ್ಷ ಅವನು ಇತರರಿಗೆ ಹೇಳಿಕೊಂಡು ಬಂದ ಮಾತೇ ಅದು. ಬಾಗಿಲು ತೆರೆದಿದೆ ಎಂದು ಸಾರುತ್ತ ಬಂದವನಿಗೆ ಆ ಬಾಗಿಲಲ್ಲಿ ತಾನು ನಡೆದು ಹೋಗಲಾರೆ ಎಂದು ಮೊದಲ ಸಲ ತಿಳಿಯಿತು. ಅವನಿಗೆ ಪ್ರೋಗ್ರಾಮ್ ಬರೆಯಲು ಬರುತ್ತಿರಲಿಲ್ಲ. ನನಗೆ ತುಸು ಬರುತ್ತಿತ್ತು, ಅದೂ ಪಠ್ಯಪುಸ್ತಕದ ಲೆಕ್ಕಗಳಷ್ಟೇ. ಕ್ಲಾಸಿನಲ್ಲಿ ಅದನ್ನೇ ಕಲಿಸುತ್ತಿದ್ದೆ.

“ನಾ ನೋಡ್ತೇನಿ” ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಆ ಆಟದ ಮೂಲವನ್ನು ತೆರೆದಾಗ ಗುರುತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಂತಾಗಿತ್ತು. ಯಾವ ಓಣಿ ಎಲ್ಲಿಗೆ ಹೋಗುತ್ತದೋ ತಿಳಿಯದು. ಕ್ಲಾಸಿಲ್ಲದ ಹೊತ್ತಿನಲ್ಲಿ ಒಂದೊಂದೇ ಸಾಲು ಬದಲಿಸಿ, ಏನಾಗುತ್ತದೆ ನೋಡಿ, ಕೆಟ್ಟರೆ ಮೊದಲಿನಂತೆ ಇಡುತ್ತಿದ್ದೆ. ಪುಸ್ತಕ ನೋಡಿ ಕಲಿಸುತ್ತಿದ್ದ ಎಷ್ಟೋ ಸಂಗತಿಗಳು ಯಾಕೆ ಹಾಗಿವೆ ಎಂಬುದು ನನಗೆ ತಿಳಿದದ್ದು ಆಗಲೇ. ಬೇಸಿಗೆ ಕಳೆಯಿತು. ಕೊನೆಗೆ ಕಂಪ್ಯೂಟರೇ ಓಡಿಸುವ ಒಂದು ಗಾಡಿಯನ್ನು ಎದುರು ದಿಕ್ಕಿನಿಂದ ಇಳಿಸಿದೆ. ಏರು ಹತ್ತುತ್ತಿರುವ ಅಪ್ಪನ ಗಾಡಿ ಕಂಡೊಡನೆ ಅದು ಬದಿಗೆ ಸರಿದು ನಿಂತಿತು. ಅಪ್ಪ ಹಾರ್ನ್ ಹೊಡೆದು ದಾಟಿ ಹೋದ. ಅದು ನಿಂತೇ ಇತ್ತು. ಅಪ್ಪ ಊರು ಮುಟ್ಟಿ ತಿರುಗಿ ಬಂದರೂ ಅಲ್ಲೇ ನಿಂತಿತ್ತು.

“ಊಟಕ್ಕ ಇಳದಾನ, ಬಿಡು. ಹಸವಿ ಆಗಿರ್ತೈತಿ” ಎಂದ ಅಪ್ಪ.

ನಿಲ್ಲಿಸುವುದು ಗೊತ್ತಾಗಿತ್ತು, ಮತ್ತೆ ಹೊರಡಿಸುವುದು ನನ್ನಿಂದ ಆಗಲಿಲ್ಲ. ಇದ್ದದ್ದನ್ನು ಇದ್ದಂತೆಯೇ ಲಿಸ್ಟಿಗೆ ಕಳಿಸಿದೆ. ಚರ್ಚೆಯಲ್ಲಿ ಒಮ್ಮೆಯೂ ಬಾಯಿ ಹಾಕದಿದ್ದ ಒಬ್ಬರು, ಎಲ್ಲಿಯವರೋ ಗೊತ್ತಿಲ್ಲ, ಕೆಲವೇ ಸಾಲು ತಿದ್ದಿ ವಾಪಸು ಕಳಿಸಿದರು. ಅವನ್ನು ಹಾಕಿದ ದಿನ ಭಾಯಿಯೂ ಇದ್ದರು. ಎದುರಿನ ಗಾಡಿ ನಿಂತಿತು, ಅಪ್ಪ ದಾಟಿದ, ಅದು ನಿಧಾನ ರಸ್ತೆಗೆ ಬಂದು ತನ್ನ ದಾರಿ ಹಿಡಿಯಿತು. ಅಪ್ಪ ಎಡಗೈಯನ್ನು ಚಕ್ರದಿಂದ ತೆಗೆದು ಅರ್ಧ ಎತ್ತಿದ. ದಾರಿ ಬಿಟ್ಟವನಿಗೆ ಲಾರಿಯವರು ಹಾಗೆ ಕೈ ಎತ್ತುವುದು ವಾಡಿಕೆ. ಅವನ ಗಮನಕ್ಕೇ ಅದು ಬರಲಿಲ್ಲ. ಅಣ್ಣ, ಭಾಯಿ, ನಾನು, ಮೂವರಿಗೂ ಕಂಡಿತು. ಭಾಯಿ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ನಮ್ಮ ರಸ್ತೆ ಮುಖ್ಯ ಆಟದಲ್ಲಿ ಸೇರಲಿಲ್ಲ. ಬೇಕಾದವರು ಇಳಿಸಿಕೊಳ್ಳಲಿ ಎಂದು ಪಕ್ಕದ ಒಂದು ಪುಟದಲ್ಲಿ ಇಟ್ಟರು. ಕೆಲವರು ಇಳಿಸಿಕೊಂಡು ಬರೆದರು. ಹಾರ್ನ್ ಜೋರಾಯಿತು ಎಂಬುದೇ ಹೆಚ್ಚಿನವರ ದೂರು. ಅಪ್ಪ ಮತ್ತೆ ಲಾರಿ ಹತ್ತಲಿಲ್ಲ. ಆದರೆ ಅಂಗಿಯ ಗುಂಡಿ ತಾನೇ ಹಾಕಿಕೊಂಡ, ತಂಬಿಗೆ ಎರಡೂ ಕೈಯಲ್ಲಿ ಎತ್ತಿದ. ಬಲ ಬಂದಂತೆ ಆಟದ ಮೇಲಿನ ಆಸೆ ಕಡಿಮೆಯಾಯಿತು. ಬೆಳಿಗ್ಗೆ ನಡೆದುಕೊಂಡು ಭಾಯಿಯ ಅಂಗಡಿಗೆ ಹೋಗಿ, ಬಂದುಹೋಗುವ ಡ್ರೈವರುಗಳೊಡನೆ ರಸ್ತೆಯ ಸುದ್ದಿ ಮಾತಾಡುತ್ತ ಕೂರುವುದು ಅವನಿಗೆ ಹೆಚ್ಚು ಹಿಡಿಸಿತು.

ಮುಂದಿನ ವರ್ಷಗಳಲ್ಲಿ ಆಟದ ಒಳರಚನೆ ಬದಲಾಗಿ ನಮ್ಮ ರಸ್ತೆ ತೆರೆಯದಾಯಿತು. ಒಂದು ಸಲ ನಾನು ಕೂತು ಸರಿಮಾಡಿದೆ. ಎರಡನೆಯ ಸಲದ ಹೊತ್ತಿಗೆ ನಾನು ಮದುವೆಯಾಗಿ ಹಳಿಯಾಳಕ್ಕೆ ಬಂದಿದ್ದೆ. ಅಪ್ಪನೂ ಕೇಳಲಿಲ್ಲ, ಹಾಗೇ ಬಿಟ್ಟೆ. ಭಾಯಿ ಗಿರಾಕಿಗಳ ಕಂಪ್ಯೂಟರಿಗೆ ಮುಚ್ಚಿದ ಡ್ರೈವರನ್ನೇ ಹಾಕಿಕೊಡುತ್ತಿದ್ದರು. ಅಣ್ಣ ಅಂಗಡಿಗೆ ಹೋದಾಗಲೆಲ್ಲ ಅದನ್ನು ನೋಡಿ ಒಂದು ಮಾತು ಅನ್ನುತ್ತಿದ್ದ, ಭಾಯಿ ಇನ್ನೊಂದು ಅನ್ನುತ್ತಿದ್ದರು, ಅಪ್ಪ ಎರಡರ ನಡುವೆ ಚಹಾ ಹೇಳಿ ಕಳಿಸುತ್ತಿದ್ದ.